ಪುಟ್ಟ ಕಾರಿಗೆ ತಕ್ಕ ಎಂಜಿನ್

ಕೈಯಲ್ಲಿ ರಿಮೋಟ್ ಹಿಡಿದು ಮೈದಾನದಲ್ಲಿ ಪುಟ್ಟ ಕಾರು ಓಡಿಸುವವರನ್ನು ನೀವು ನೋಡಿರಬಹುದು. ಅಂಥ ಕಾರುಗಳಲ್ಲಿ ಹೆಚ್ಚಿನವು ಈಗ ಬ್ಯಾಟರಿಯಿಂದ ಓಡುತ್ತವೆ. ನಾನಿವತ್ತು ಹೇಳಹೊರಟಿರುವುದು ಎಂಜಿನ್ ಇರುವ ಕಾರಿನ ವಿಚಾರ. ಹವ್ಯಾಸಿಗಳು ಇದನ್ನು ನೈಟ್ರೊ ಕಾರು ಎನ್ನುತ್ತಾರೆ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಶಾಫ್ಟ್, ಕಾರ್ಬ್ಯುರೇಟರ್, ಸೈಲೆನ್ಸರ್ ಎಲ್ಲವೂ ಇರುವ, ಅಂಗೈ ಮೇಲೆ ಕೂರುವಂಥ ಅಪ್ಪಟ ಟೂ ಸ್ಟ್ರೋಕ್ ಎಂಜಿನ್ ಇದರದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕನ್ನು ಬಿಚ್ಚಿ ಜೋಡಿಸಿದವರಿಗೆ ಇದರ ಒಳಗು ಹೊಸದೇನಲ್ಲ. ಯೆಜ್ಡಿಯದು 250 ಸಿಸಿ, ಇದು ಎರಡರಿಂದ ನಾಲ್ಕೂವರೆ ಸಿಸಿ. ವಾಲ್ವ್ ಇಲ್ಲದಿರುವುದು, ಇಂಧನದಲ್ಲೇ ಎಣ್ಣೆ ಬೆರೆಸುವುದು, ಸಿಲಿಂಡರ್ ಗೋಡೆಯ ಕಿಂಡಿಗಳಿಂದ ಇಂಧನ ಒಳಬಂದು ಹೊಗೆ ಹೊರಹೋಗುವುದು, ಎಲ್ಲ ಅಲ್ಲಿಯ ಹಾಗೆಯೇ. ವೇಗ ಮಾತ್ರ ಬೇರೆ. ಈ ಪುಟ್ಟ ಎಂಜಿನ್ ನಿಮಿಷಕ್ಕೆ 30,000 ಸುತ್ತು ದಾಟುತ್ತದೆ. ಅಂದರೆ ಪಿಸ್ಟನ್ ಒಂದು ಸೆಕೆಂಡಿನಲ್ಲಿ 500 ಸಲ ಮೇಲೇರಿ ಕೆಳಗಿಳಿಯುತ್ತದೆ. ಇಷ್ಟು ವೇಗದಲ್ಲಿ ತಿರುಗುವ ಯಂತ್ರದಲ್ಲಿ ಜೋಡಣೆಯ ಸಣ್ಣ ಲೋಪವೂ ದೊಡ್ಡದಾಗುತ್ತದೆ.

ಹೊಸ ಎಂಜಿನ್ ಕೊಳ್ಳಲು ಹೊರಟವರು ಮೊದಲು ಕೇಳುವುದು, ಯಾವುದಕ್ಕೆ ಶಕ್ತಿ ಹೆಚ್ಚು ಎಂದು. ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ ಎಂಬುದು ನನ್ನ ಕೋರಿಕೆ. ನಿಮ್ಮ ಕಾರಿನಲ್ಲಿ ಯಾವುದು ಸರಿಯಾಗಿ ಕೂರುತ್ತದೆ ಎಂಬುದು ಮೊದಲ ಪ್ರಶ್ನೆ. ಅದನ್ನು ಕೂರಿಸುವುದು ಹೇಗೆ ಎಂಬುದು ಎರಡನೆಯದು. ಈ ಎರಡಕ್ಕೆ ಉತ್ತರ ಸಿಕ್ಕರೆ ಸಾಧಾರಣ ಎಂಜಿನ್ ಕೂಡ ಬಹುಕಾಲ ಚೆನ್ನಾಗಿ ಓಡುತ್ತದೆ. ಸಿಗದಿದ್ದರೆ ಎಷ್ಟೇ ದುಬಾರಿ ಎಂಜಿನ್ ತಂದರೂ ಕೆಲವೇ ಟ್ಯಾಂಕ್ ಇಂಧನದಲ್ಲಿ ಕೆಟ್ಟು ಕೂರುತ್ತದೆ.

ಎಂಜಿನ್ ಕೆಲಸ ಮಾಡುವ ಬಗೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಇದರಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ, ಅದರ ಜಾಗದಲ್ಲಿ ಗ್ಲೋ ಪ್ಲಗ್ ಇದೆ. ಅದರೊಳಗೆ ಪ್ಲಾಟಿನಂ ಬೆರೆತ ತಂತಿಯ ಸಣ್ಣ ಸುರುಳಿ. ಸ್ಟಾರ್ಟ್ ಮಾಡುವಾಗ ಒಂದೂವರೆ ವೋಲ್ಟಿನೊಳಗಿನ ಪುಟ್ಟ ಬ್ಯಾಟರಿಯಿಂದ ಆ ಸುರುಳಿಯನ್ನು ಕೆಂಪಗೆ ಕಾಯಿಸುತ್ತೇವೆ. ಎಂಜಿನ್ ಓಡತೊಡಗಿದ ಮೇಲೆ ಬ್ಯಾಟರಿ ತೆಗೆದರೂ ಸುರುಳಿ ಆರುವುದಿಲ್ಲ. ಇಂಧನದಲ್ಲಿರುವ ಮೆಥನಾಲ್ ಆವಿ ಪ್ಲಾಟಿನಂಗೆ ತಾಗಿದಾಗ ನಡೆಯುವ ರಾಸಾಯನಿಕ ಕ್ರಿಯೆಯ ಬಿಸಿ, ಹಿಂದಿನ ಸುತ್ತಿನ ಉರಿಯ ಬಿಸಿ ಎರಡೂ ಸೇರಿ ಅದನ್ನು ಕೆಂಪಗೇ ಇಡುತ್ತವೆ. ಅಮೆರಿಕದ ರೇ ಆರ್ಡೆನ್ 1940ರ ದಶಕದ ಕೊನೆಯಲ್ಲಿ ಗ್ಲೋ ಪ್ಲಗ್ಗನ್ನು ಮಾರುಕಟ್ಟೆಗೆ ತಂದರು. ಅದಕ್ಕೆ ಮೊದಲು ಸ್ಪಾರ್ಕ್ ಪ್ಲಗ್ ಎಂಜಿನ್ನಿನ ಮಾದರಿ ವಿಮಾನಗಳು ಕಾಯಿಲ್, ಕಂಡೆನ್ಸರ್, ಬ್ಯಾಟರಿಗಳ ಭಾರ ಹೊತ್ತು ಹಾರಬೇಕಿತ್ತು. ಈ ಒಂದು ಚಿಕ್ಕ ಪ್ಲಗ್ ಆ ಭಾರವನ್ನೆಲ್ಲ ಇಳಿಸಿತು.

ಈಗ ಆಯ್ಕೆಗೆ ಬರೋಣ. ಎಂಜಿನ್ ಪೆಟ್ಟಿಗೆಯ ಮೇಲೆ 12, 15, 18, 21, 28 ಎಂಬಂಥ ಅಂಕಿ ಇರುತ್ತದೆ. ಇದು ಘನ ಇಂಚಿನ ನೂರನೇ ಭಾಗದ ಲೆಕ್ಕ. 12 ಅಂದರೆ ಸುಮಾರು 2 ಸಿಸಿ, 15 ಅಂದರೆ ಎರಡೂವರೆ, 18 ಅಂದರೆ 3, 21 ಅಂದರೆ ಮೂರೂವರೆ, 28 ಅಂದರೆ ನಾಲ್ಕೂವರೆ ಸಿಸಿಯಷ್ಟು. ನಿಜವಾದ ಕಾರಿನ ಹತ್ತನೇ ಒಂದು ಅಳತೆಯ ರಸ್ತೆ ಕಾರಿಗೆ 12, ಮಣ್ಣಿನಲ್ಲಿ ಓಡುವ, ಬಗ್ಗಿ ಎಂಬ ಎಂಟನೇ ಒಂದು ಅಳತೆಯ ಕಾರಿಗೆ 21 ಎಂಬುದು ರೂಢಿ. ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಗ್ಗಿಯ ಎಂಜಿನ್ 3.5 ಸಿಸಿ ಮೀರುವಂತಿಲ್ಲ, ಇಂಧನದ ಟ್ಯಾಂಕ್ 125 ಸಿಸಿ ಮೀರುವಂತಿಲ್ಲ. 18ರವರೆಗಿನವನ್ನು ಸ್ಮಾಲ್ ಬ್ಲಾಕ್, 21 ಮತ್ತು ಅದಕ್ಕೂ ದೊಡ್ಡವನ್ನು ಬಿಗ್ ಬ್ಲಾಕ್ ಎನ್ನುತ್ತಾರೆ. ಎರಡರ ಮೈ ಗಾತ್ರ ಬೇರೆ, ಕಾಲುಗಳ ನಡುವಿನ ಅಂತರ ಬೇರೆ. ಸ್ಮಾಲ್ ಬ್ಲಾಕ್ ಕೂರುವ ಜಾಗದಲ್ಲಿ ಬಿಗ್ ಬ್ಲಾಕ್ ಕೂರುವುದಿಲ್ಲ.

ಕೂರಿಸಿದವರೂ ಇದ್ದಾರೆ. ಅಮೆರಿಕದ ಟ್ರಾಕ್ಸಾಸ್ ಕಂಪನಿ 1999ರಲ್ಲಿ ಟಿ ಮ್ಯಾಕ್ಸ್ ಎಂಬ ದೊಡ್ಡ ಗಾಲಿಯ ಟ್ರಕ್ ತಂದಿತು. ಅದರಲ್ಲಿದ್ದುದು 15ರ ಎಂಜಿನ್. ಮುಂದೆ ಕಂಪನಿಯೇ ಎರಡೂವರೆ ಸಿಸಿ, ಆಮೇಲೆ 3.3 ಸಿಸಿ ಎಂಜಿನ್‌ಗಳನ್ನು ಕೊಟ್ಟಿತು. ಅಷ್ಟಕ್ಕೇ ತೃಪ್ತರಾಗದ ಹವ್ಯಾಸಿಗಳು ಬೇರೆ ಮೌಂಟ್ ಹಾಕಿಸಿ 21ರ ಎಂಜಿನ್ ಏರಿಸಿದರು. ಟ್ರಕ್ ಹಾರಿದ್ದು ನಿಜ, ಜೊತೆಗೆ ಗೇರಿನ ಹಲ್ಲು ಹಾರಿದ್ದೂ ನಿಜ. ಆಮೇಲೆ ಡಿಫರೆನ್ಷಿಯಲ್, ಅದಾದ ಮೇಲೆ ಆಕ್ಸಲ್. ಎಂಜಿನ್ ಬದಲಿಸಲು ಹೊರಟವರು ಕೊನೆಗೆ ಇಡೀ ಟ್ರಕ್ಕನ್ನೇ ಬದಲಿಸುವ ಖರ್ಚಿಗೆ ಬಂದು ನಿಲ್ಲುತ್ತಾರೆ. ಹೆಚ್ಚು ಶಕ್ತಿ ಬೇಕೆಂದರೆ ಕಾರಿನ ತಯಾರಕರು ಹೇಳಿದ ಗಾತ್ರದಲ್ಲೇ ಒಳ್ಳೆಯ ಎಂಜಿನ್ ಹುಡುಕಿ. ಒಂದೇ ಗಾತ್ರದ ಎರಡು ಎಂಜಿನ್‌ಗಳ ನಡುವೆ ಅಜಗಜಾಂತರ ಇರಬಲ್ಲದು.

ಗಾತ್ರ ತೀರ್ಮಾನವಾದ ಮೇಲೆ ಹಳೆಯ ಎಂಜಿನ್ನನ್ನು ಬಿಚ್ಚಿ ಮೇಜಿನ ಮೇಲಿಟ್ಟು ನೋಡಿ. ಹೊಗೆ ಹೋಗುವ ಕಿಂಡಿ ಪಕ್ಕಕ್ಕಿದೆಯೋ ಹಿಂದಕ್ಕಿದೆಯೋ? ಹತ್ತನೇ ಒಂದು ಅಳತೆಯ ಟ್ರಕ್ಕುಗಳಲ್ಲಿ ಅದು ಸಾಮಾನ್ಯವಾಗಿ ಪಕ್ಕಕ್ಕಿರುತ್ತದೆ, ಬಗ್ಗಿಗಳಲ್ಲಿ ಹಿಂದಕ್ಕೆ. ಇದು ಹೊಂದದಿದ್ದರೆ ಸೈಲೆನ್ಸರ್ ಪೈಪಿಗೆ ಕಾರಿನಲ್ಲಿ ಜಾಗವೇ ಇರುವುದಿಲ್ಲ. ಇನ್ನು ಸ್ಟಾರ್ಟ್ ಮಾಡುವ ಬಗೆ. ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದಾದರೆ ಎಂಜಿನ್ ಹಿಂಬದಿಯ ಮುಚ್ಚಳದಲ್ಲೇ ಆ ಏರ್ಪಾಡು ಇರುತ್ತದೆ. ಪಂದ್ಯದ ಎಂಜಿನ್‌ಗಳಲ್ಲಿ ಹಗ್ಗ ಇಲ್ಲ. ಕಾರನ್ನು ಸ್ಟಾರ್ಟರ್ ಬಾಕ್ಸ್ ಎಂಬ ಪೆಟ್ಟಿಗೆಯ ಮೇಲಿಟ್ಟು ಒತ್ತಿದರೆ ಪೆಟ್ಟಿಗೆಯ ರಬ್ಬರ್ ಚಕ್ರ ಕೆಳಗಿನಿಂದ ಫ್ಲೈವೀಲಿಗೆ ತಾಗಿ ಅದನ್ನು ತಿರುಗಿಸುತ್ತದೆ. ಹಾಗಾಗಬೇಕಾದರೆ ಕಾರಿನ ಅಡಿತಗಡಿನಲ್ಲಿ ಫ್ಲೈವೀಲ್ ಇಣುಕುವಷ್ಟು ಸೀಳು ಇರಬೇಕು. ಆ ಸೀಳು ಇದೆಯೇ ಎಂದು ನೋಡದೆ ಹಗ್ಗವಿಲ್ಲದ ಎಂಜಿನ್ ತರಬೇಡಿ.

ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಕ್ರ್ಯಾಂಕ್ ಶಾಫ್ಟಿನ ಮುಂಭಾಗವನ್ನು. ಫ್ಲೈವೀಲ್, ಕ್ಲಚ್, ಕ್ಲಚ್ ಬೆಲ್ ಇವೆಲ್ಲ ಅದರ ಮೇಲೆಯೇ ಸಾಲಾಗಿ ಕೂರಬೇಕು. ಶಾಫ್ಟಿನ ದಪ್ಪ, ಉದ್ದ, ತಿರುಪಿನ ಎಳೆ ಒಂದೊಂದು ಬಗೆಯ ಎಂಜಿನ್ನಿಗೆ ಒಂದೊಂದು ರೀತಿ. ಹಳೆಯ ಕ್ಲಚ್ ನಟ್ ಹೊಸ ಶಾಫ್ಟಿಗೆ ಹತ್ತುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ ತಿಳಿಯಿರಿ. ಇಲ್ಲದಿದ್ದರೆ ಎಂಜಿನ್ ಬಂದಮೇಲೆ ಬೆರಳ ತುದಿಯಷ್ಟು ದೊಡ್ಡ ನಟ್ಟಿಗಾಗಿ ವಾರಗಟ್ಟಲೆ ಕಾಯಬೇಕಾದೀತು.

ಇನ್ನು ಶಕ್ತಿಯ ಮಾತು. ಮೂರೂವರೆ ಸಿಸಿಯ ಎಂಜಿನ್ ಎರಡು ಅಶ್ವಶಕ್ತಿಗೂ ಮೇಲೆ ಕೊಡುತ್ತದೆಂದು ತಯಾರಕರು ಬರೆದಿರುತ್ತಾರೆ. ಆ ಶಕ್ತಿ ಸಿಗುವುದು ತುತ್ತತುದಿಯ ವೇಗದಲ್ಲಿ. ಮಣ್ಣಿನ ಟ್ರ್ಯಾಕಿನಲ್ಲಿ ಕಾರು ತಿರುವಿನಿಂದ ಎದ್ದು ಹೊರಡಬೇಕು, ದಿಬ್ಬದ ಮುಂಚೆ ನಾಲ್ಕು ಮಾರು ಜಾಗದಲ್ಲಿ ವೇಗ ಪಡೆಯಬೇಕು. ಅಲ್ಲಿ ಬೇಕಾದುದು ನಡುವೇಗದ ಎಳೆತ. ಡಾಂಬರಿನ ಟ್ರ್ಯಾಕಿನಲ್ಲಿ ಉದ್ದ ನೇರದಾರಿ ಇರುವುದರಿಂದ ತುದಿಯ ವೇಗಕ್ಕೆ ಬೆಲೆ ಹೆಚ್ಚು. ಪಿಸ್ಟನ್ ಓಡಾಡುವ ಸ್ಲೀವ್ ಎಂಬ ಕೊಳವೆಯಲ್ಲಿ ಮೂರು ಕಿಂಡಿ, ಐದು ಕಿಂಡಿ, ಏಳು ಕಿಂಡಿ ಎಂದೆಲ್ಲ ಹೇಳುತ್ತಾರೆ. ಕಿಂಡಿಗಳ ಸಂಖ್ಯೆಗಿಂತ ಅವುಗಳ ಎತ್ತರ, ಓರೆ, ಅವು ತೆರೆದು ಮುಚ್ಚುವ ಹೊತ್ತು ಮುಖ್ಯ. ಹೊಸಬರಿಗೆ ನನ್ನ ಸಲಹೆ, ಕಡಿಮೆ ಕಿಂಡಿಯ, ಬಿಡಿಭಾಗ ಸುಲಭವಾಗಿ ಸಿಗುವ ಎಂಜಿನ್ ತೆಗೆದುಕೊಳ್ಳಿ. ಶಿಗೆಯೊ ಒಗಾವಾ 1936ರಲ್ಲಿ ಜಪಾನಿನ ಒಸಾಕಾದಲ್ಲಿ ಶುರುಮಾಡಿದ, ಅವರ ಹೆಸರಿನ ಮೊದಲಕ್ಷರಗಳನ್ನೇ ಹೊತ್ತ ಒ.ಎಸ್. ಎಂಜಿನ್‌ಗಳು, ಇಟಲಿಯ ಪಿಕೊ, ನೊವಾರೊಸ್ಸಿ ಎಂಜಿನ್‌ಗಳು ಈ ಲೋಕದಲ್ಲಿ ಹೆಸರಾದವು. ಹೆಸರು ಯಾವುದೇ ಇರಲಿ, ಬೇರಿಂಗ್, ಕನೆಕ್ಟಿಂಗ್ ರಾಡ್, ಪಿಸ್ಟನ್ ಮತ್ತು ಸ್ಲೀವ್ ಈ ಮೂರು ಬೇಕೆಂದಾಗ ಸಿಗುತ್ತವೆಯೇ ಎಂಬುದನ್ನು ಖಾತ್ರಿ ಮಾಡಿಕೊಳ್ಳಿ. ಸವೆಯುವುದು ಅವೇ.

ಇಂಧನವೂ ಆಯ್ಕೆಯ ಭಾಗವೇ. ಇದರಲ್ಲಿ ಪೆಟ್ರೋಲ್ ಇಲ್ಲ. ಮೆಥನಾಲ್, ನೈಟ್ರೊಮೀಥೇನ್, ಎಣ್ಣೆ ಇವಿಷ್ಟರ ಮಿಶ್ರಣ. ಎಣ್ಣೆ ಅಂದರೆ ಸಿಂಥೆಟಿಕ್ ಎಣ್ಣೆಯ ಜೊತೆ ನಮ್ಮ ಹರಳೆಣ್ಣೆ. ವಿಪರೀತ ಬಿಸಿಯಲ್ಲೂ ಲೋಹದ ಮೈಗೆ ಅಂಟಿಕೊಂಡಿರುವ ಗುಣ ಅದಕ್ಕಿದೆ. ಜಗತ್ತಿನಲ್ಲಿ ಹರಳು ಅತಿ ಹೆಚ್ಚು ಬೆಳೆಯುವ ದೇಶ ಭಾರತ. ನೈಟ್ರೊಮೀಥೇನ್ ಏಕೆ ಎಂದರೆ, ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು, ಮೆಥನಾಲಿಗೆ ಸುಮಾರು 6.4 ಗ್ರಾಂ ಸಾಕು, ನೈಟ್ರೊಮೀಥೇನಿಗೆ ಬರೀ 1.7 ಗ್ರಾಂ. ತನಗೆ ಬೇಕಾದ ಆಮ್ಲಜನಕದ ಪಾಲನ್ನು ತಾನೇ ಹೊತ್ತು ಬರುವ ದ್ರವ ಅದು. ಹಾಗಾಗಿ ಅಷ್ಟೇ ಗಾಳಿಯಲ್ಲಿ ಹೆಚ್ಚು ಇಂಧನ ಉರಿಸಬಹುದು. ಪಂದ್ಯಗಾರರು 25, 30 ಪ್ರತಿಶತ ನೈಟ್ರೊ ಬಳಸುತ್ತಾರೆ. ಆದರೆ ಯುರೋಪಿಯನ್ ಒಕ್ಕೂಟದಲ್ಲಿ ಸ್ಫೋಟಕ ತಯಾರಿಗೆ ಬಳಕೆಯಾಗಬಾರದೆಂದು 2021ರ ಫೆಬ್ರುವರಿಯಿಂದ ಜನಸಾಮಾನ್ಯರಿಗೆ ತೂಕದಲ್ಲಿ 16 ಪ್ರತಿಶತದ ಮಿತಿ ಹಾಕಿದ್ದಾರೆ. ನೈಟ್ರೊ ಕಡಿಮೆಯಾದರೆ ಕಂಪ್ರೆಷನ್ ಸ್ವಲ್ಪ ಹೆಚ್ಚಬೇಕು. ಅದಕ್ಕೇ ಸಿಲಿಂಡರ್ ಹೆಡ್ ಕೆಳಗೆ 0.1 ಮಿಲಿಮೀಟರ್ ದಪ್ಪದ ಶಿಮ್ ಎಂಬ ಬಿಲ್ಲೆಗಳನ್ನು ತೆಗೆದೋ ಸೇರಿಸಿಯೋ ಹೊಂದಿಸುವ ಅವಕಾಶ ಇರುತ್ತದೆ. ಎಂಜಿನ್ನಿನ ಜೊತೆ ಬಂದ ಕಾಗದದಲ್ಲಿ ಎಷ್ಟು ನೈಟ್ರೊ ಎಂದು ಬರೆದಿದೆಯೋ ಅದೇ ಇಂಧನ ತನ್ನಿ.

ಒಂದು ಎಚ್ಚರಿಕೆ. ಮೆಥನಾಲ್ ವಿಷ. ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ಅದಕ್ಕೆ ಬೆಂಕಿ ಹತ್ತಿದರೆ ಹಗಲು ಬೆಳಕಿನಲ್ಲಿ ಜ್ವಾಲೆ ಕಾಣುವುದೇ ಇಲ್ಲ. ಇಂಧನದ ಡಬ್ಬಿ ಮಕ್ಕಳ ಕೈಗೆ ಎಟುಕದ ಕಡೆ ಇರಲಿ, ಎಂಜಿನ್ ಸ್ಟಾರ್ಟ್ ಮಾಡುವುದು ಬಯಲಿನಲ್ಲೇ ಆಗಲಿ.

ಇನ್ನು ಜೋಡಣೆ. ಮೊದಲು ಶಾಫ್ಟನ್ನು ಎಣ್ಣೆಯ ಪಸೆ ಇಲ್ಲದಂತೆ ಒರೆಸಿ. ಅದರ ಮೇಲೆ ಕಾಲೆಟ್ ಎಂಬ ಸೀಳಿದ ಬಳೆ, ಬಳೆಯ ಓರೆಯ ಮೇಲೆ ಫ್ಲೈವೀಲ್, ಮೇಲೆ ನಟ್. ನಟ್ ಬಿಗಿದಷ್ಟೂ ಬಳೆ ಶಾಫ್ಟನ್ನು ಕಚ್ಚಿಕೊಳ್ಳುತ್ತದೆ. ಫ್ಲೈವೀಲನ್ನು ಹಿಡಿಯಲೆಂದೇ ಮಾಡಿದ ಸ್ಪ್ಯಾನರ್ ಬಳಸಿ. ಪಿಸ್ಟನ್ ಅಲುಗದಿರಲಿ ಎಂದು ಹೊಗೆ ಕಿಂಡಿಯೊಳಗೆ ಸ್ಕ್ರೂಡ್ರೈವರ್ ತುರುಕುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಪಿಸ್ಟನ್ ಅಂಚಿಗೆ ಒಂದು ಗೀರು ಬಿದ್ದರೂ ಹೊಸ ಎಂಜಿನ್ ಅಲ್ಲಿಗೇ ಹಳತಾಯಿತು. ಆಮೇಲೆ ಕ್ಲಚ್ ಶೂಗಳು, ಅವುಗಳ ಸ್ಪ್ರಿಂಗು, ಬೇರಿಂಗ್ ಹಾಕಿದ ಕ್ಲಚ್ ಬೆಲ್. ಬೆಲ್ಲನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿ ನೋಡಿ. ಕಂಡೂ ಕಾಣದಷ್ಟು ಅಲುಗಾಟ ಇರಬೇಕು. ಸ್ವಲ್ಪವೂ ಅಲುಗದಿದ್ದರೆ ಶೂ ಯಾವಾಗಲೂ ತಾಗುತ್ತಾ ಇರುತ್ತದೆ, ನಿಂತ ಕಾರು ತಾನಾಗಿ ತೆವಳುತ್ತದೆ, ಬೇರಿಂಗ್ ಸುಟ್ಟುಹೋಗುತ್ತದೆ. ತೀರಾ ಅಲುಗಿದರೆ ಗೇರುಗಳು ಒಂದರ ಎದುರು ಒಂದು ನಿಲ್ಲುವುದಿಲ್ಲ. ತೆಳು ವಾಷರ್‌ಗಳನ್ನು ಒಂದೊಂದಾಗಿ ಸೇರಿಸುತ್ತಾ, ತೆಗೆಯುತ್ತಾ ಇದನ್ನು ಸರಿಮಾಡಬೇಕು. ಈ ಕೆಲಸಕ್ಕೆ ಒಂದು ಸಂಜೆ ಹಿಡಿದರೂ ಹಿಡಿಯಲಿ.

ಎಂಜಿನ್ನನ್ನು ಮೌಂಟಿನ ಮೇಲಿಟ್ಟು ತಿರುಪುಗಳನ್ನು ಸಡಿಲವಾಗಿ ಹಾಕಿ. ಕ್ಲಚ್ ಬೆಲ್ಲಿನ ಸಣ್ಣ ಗೇರು, ಕಾರಿನ ದೊಡ್ಡ ಸ್ಪರ್ ಗೇರು ಎರಡರ ಹಲ್ಲುಗಳು ಎಷ್ಟು ಒಳಗೆ ಕೂರಬೇಕು ಎಂಬುದೇ ಇಡೀ ಜೋಡಣೆಯ ಜೀವ. ನೋಟ್‌ಬುಕ್ಕಿನ ಹಾಳೆಯಿಂದ ಒಂದು ಪಟ್ಟಿ ಕತ್ತರಿಸಿ ಎರಡು ಗೇರುಗಳ ನಡುವೆ ಹಾಯಿಸಿ, ಎಂಜಿನ್ನನ್ನು ಸ್ಪರ್ ಗೇರಿನ ಕಡೆಗೆ ಒತ್ತಿ ಹಿಡಿದು ತಿರುಪು ಬಿಗಿಯಿರಿ. ಆಮೇಲೆ ಗಾಲಿ ತಿರುಗಿಸಿ ಕಾಗದ ಹೊರಗೆ ತೆಗೆಯಿರಿ. ಕಾಗದದ ಮೇಲೆ ಹಲ್ಲಿನ ಮಡಿಕೆ ಸ್ಪಷ್ಟವಾಗಿ ಮೂಡಿರಬೇಕು, ಕಾಗದ ಹರಿದಿರಬಾರದು. ಸ್ಪರ್ ಗೇರು ಪೂರ್ತಿ ದುಂಡಗಿರುವುದು ಅಪರೂಪ. ಒಂದೇ ಕಡೆ ನೋಡಿ ಸುಮ್ಮನಾಗದೆ, ಗೇರನ್ನು ತಿರುಗಿಸುತ್ತಾ ನಾಲ್ಕಾರು ಕಡೆ ಬೆರಳಿನಿಂದ ಅಲುಗಿಸಿ, ಅತಿ ಬಿಗಿಯಾದ ಜಾಗದಲ್ಲೂ ಒಂದಿಷ್ಟು ಸಡಿಲ ಉಳಿದಿರುವಂತೆ ನೋಡಿಕೊಳ್ಳಿ. ರೇಡಿಯೊ ಕೇಳುವ ನಿಮಗೆ ಕಿವಿಯ ಗುರುತನ್ನೂ ಹೇಳುತ್ತೇನೆ. ಗೇರು ಬಿಗಿಯಾಗಿದ್ದರೆ ಕಾರು ಓಡುವಾಗ ಸಣ್ಣಗೆ ಕೀರಲು ಸದ್ದು ಬರುತ್ತದೆ. ಸಡಿಲವಾಗಿದ್ದರೆ ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಕಟಕಟ ಎನ್ನುತ್ತದೆ, ಹಲ್ಲು ಸವೆದು ಬೋಳಾಗುತ್ತದೆ. ಲೋಹಕ್ಕೆ ಲೋಹ ಕೂಡುವ ತಿರುಪುಗಳಿಗೆಲ್ಲ ಥ್ರೆಡ್ ಲಾಕ್ ಎಂಬ ನೀಲಿ ಅಂಟು ಒಂದು ಹನಿ ಹಾಕಿ. ಹಾಕದಿದ್ದರೆ ಈ ಎಂಜಿನ್ನಿನ ನಡುಕಕ್ಕೆ ತಿರುಪು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸೈಲೆನ್ಸರ್ ಪೈಪ್ ಜೋಡಿಸುವಾಗ ಸೀಲಿನಲ್ಲಿ ಸಂದು ಉಳಿಯಬಾರದು. ಆ ಪೈಪ್ ಬರೀ ಹೊಗೆ ಸಾಗಿಸುವ ಕೊಳವೆಯಲ್ಲ. ಅದರ ಹಿಂದಿನ ಶಂಕುವಿಗೆ ಬಡಿದು ಮರಳುವ ಒತ್ತಡದ ಅಲೆ, ಉರಿಯದೆ ಹೊರಗೆ ಜಾರಿದ ಹೊಸ ಇಂಧನವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಪೈಪಿನಿಂದ ಟ್ಯಾಂಕಿಗೆ ಹೋಗುವ ಸಣ್ಣ ಸಿಲಿಕೋನ್ ಕೊಳವೆ ಅದೇ ಒತ್ತಡದಿಂದ ಇಂಧನವನ್ನು ಕಾರ್ಬ್ಯುರೇಟರಿಗೆ ನೂಕುತ್ತದೆ. ಎಲ್ಲಾದರೂ ಸೋರಿದರೆ ಐಡ್ಲಿಂಗ್ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಕಾರ್ಬ್ಯುರೇಟರಿನಲ್ಲಿ ಇಂಧನದ ಹರಿವು ಹೊಂದಿಸುವ ಯಾವ ಸೂಜಿ ತಿರುಗಿಸಿದರೂ ಹದಕ್ಕೆ ಬರುವುದಿಲ್ಲ. ಕೊಳವೆಗಳು ಬಿಸಿಯಾದ ಹೆಡ್ಡಿಗೆ ತಾಗದಂತೆ ಹಾಯಿಸಿ. ಕೊನೆಗೆ, ರಿಮೋಟಿನ ಆಣತಿಯಂತೆ ಕಾರ್ಬ್ಯುರೇಟರನ್ನು ತೆರೆದು ಮುಚ್ಚುವ ಸರ್ವೊ ಮೋಟಾರಿನ ಕಡ್ಡಿ. ರಿಮೋಟಿನಲ್ಲಿ ಪೂರ್ತಿ ಒತ್ತಿದಾಗ ಕಾರ್ಬ್ಯುರೇಟರ್ ಪೂರ್ತಿ ತೆರೆಯಬೇಕು. ಕೈ ಬಿಟ್ಟಾಗ ಒಂದು ಮಿಲಿಮೀಟರಿಗಿಂತ ಕಡಿಮೆ ಸಂದು ಉಳಿಯಬೇಕು. ಬ್ರೇಕ್ ಹಿಡಿದಾಗ ಅದಕ್ಕಿಂತ ಹೆಚ್ಚು ತೆರೆಯಬಾರದು. ರೇಡಿಯೊ ಸಂಕೇತ ತಪ್ಪಿದರೆ ತಾನಾಗಿ ಬ್ರೇಕ್ ಹಿಡಿಯುವ ಫೇಲ್‌ಸೇಫ್ ಇದೆಯೇ ಎಂದು ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆಯೇ, ರಿಮೋಟ್ ಆರಿಸಿ ನೋಡಿ. ಮೂರು ಕಿಲೋಗೂ ಹೆಚ್ಚು ತೂಕದ ಕಾರು ಹಿಡಿತ ತಪ್ಪಿ ಓಡಿದರೆ ಎದುರಿದ್ದವರ ಕಾಲು ಮುರಿಯಬಲ್ಲದು.

ಈಗ ಮೊದಲ ಸ್ಟಾರ್ಟ್. ಹೊಸ ಎಂಜಿನ್ನಿನ ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿದರೆ ಪಿಸ್ಟನ್ ಮೇಲ್ತುದಿಯಲ್ಲಿ ಸೀಸೆಗೆ ಬಿರಡೆ ಕೂತಂತೆ ಕಚ್ಚಿಕೊಳ್ಳುತ್ತದೆ. ಎಂಜಿನ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಈ ಪಿಸ್ಟನ್ನಿಗೆ ರಿಂಗ್ ಇಲ್ಲ. ಅಲ್ಯೂಮಿನಿಯಂ ಪಿಸ್ಟನ್, ಒಳಗೆ ಕ್ರೋಮ್ ಲೇಪಿಸಿದ ಹಿತ್ತಾಳೆ ಸ್ಲೀವ್. ತಣ್ಣಗಿರುವಾಗ ಸ್ಲೀವಿನ ಮೇಲ್ಭಾಗ ಬೇಕೆಂದೇ ಕಿರಿದಾಗಿರುತ್ತದೆ. ಓಡುವಾಗ ಹೆಚ್ಚು ಬಿಸಿಯಾಗುವುದು ಅದೇ ಭಾಗವಾದ್ದರಿಂದ ಹಿಗ್ಗಿ ಸರಿಯಾದ ಅಳತೆಗೆ ಬರುತ್ತದೆ. ತಣ್ಣನೆಯ ಎಂಜಿನ್ನನ್ನು ಬಲವಂತವಾಗಿ ತಿರುಗಿಸಿದರೆ ಪಿಸ್ಟನ್ ಅಂಚು ಸವೆಯುತ್ತದೆ, ಕನೆಕ್ಟಿಂಗ್ ರಾಡಿಗೆ ಪೆಟ್ಟಾಗುತ್ತದೆ. ಅದಕ್ಕೇ ಕೂದಲು ಒಣಗಿಸುವ ಡ್ರೈಯರಿನಿಂದ ಹೆಡ್ಡನ್ನು ಕೈಗೆ ಚುರುಕು ಮುಟ್ಟುವಷ್ಟು ಕಾಯಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಮೊದಲ ಕೆಲವು ಟ್ಯಾಂಕ್ ಇಂಧನ ಹೆಚ್ಚು ಹರಿಯುವಂತೆ ಸೂಜಿ ತೆರೆದಿಟ್ಟು ನಿಧಾನವಾಗಿ ಓಡಿಸಿ. ನಡುನಡುವೆ ಪೂರ್ತಿ ತಣ್ಣಗಾಗಲು ಬಿಡಿ. ಹಾಗೆಂದು ತೀರಾ ತಣ್ಣಗೆ, ಇಂಧನ ಉಗುಳುತ್ತಾ ಓಡಿಸುವುದೂ ಒಳ್ಳೆಯದಲ್ಲ. ಆಗ ಸ್ಲೀವ್ ಹಿಗ್ಗದೆ ಪಿಸ್ಟನ್ನನ್ನು ಉಜ್ಜುತ್ತಲೇ ಇರುತ್ತದೆ.

ಸೂಜಿ ತಿರುಗಿಸುವಾಗ ಊರಿನ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಗಾಳಿ ತೆಳುವಾದರೆ ಅದಕ್ಕೆ ತಕ್ಕಂತೆ ಇಂಧನವೂ ಕಡಿಮೆಯಾಗಬೇಕು. ಬೆಂಗಳೂರಿನಲ್ಲಿ ಹದಗೊಳಿಸಿದ ಕಾರನ್ನು ಮಂಗಳೂರಿಗೆ ಒಯ್ದು ಹಾಗೇ ಓಡಿಸಿದರೆ ಅಲ್ಲಿಯ ದಟ್ಟ ಗಾಳಿಗೆ ಇಂಧನ ಸಾಲದೆ ಎಂಜಿನ್ ಕಾಯುತ್ತದೆ. ಚಳಿಗಾಲದ ಮುಂಜಾನೆಯೂ ಅಷ್ಟೇ. ತಂಪು ಗಾಳಿ ದಟ್ಟ, ಇಂಧನ ಸ್ವಲ್ಪ ಹೆಚ್ಚಿಸಬೇಕು. ಮೊದಲು ಮೇಲ್ವೇಗದ ಸೂಜಿ, ಆಮೇಲೆ ಕೆಳವೇಗದ್ದು. ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು ತಿರುಗಿಸಬೇಡಿ. ವೇಗವಾಗಿ ಓಡುವಾಗ ಹಿಂದೆ ತೆಳು ಹೊಗೆಯ ಎಳೆ ಕಾಣುತ್ತಲೇ ಇರಬೇಕು. ಕಾರು ನಿಲ್ಲಿಸಿ ಹೆಡ್ ಮೇಲೆ ಒಂದು ಹನಿ ನೀರು ಹಾಕಿ. ಮೂರು ನಾಲ್ಕು ಸೆಕೆಂಡಿನಲ್ಲಿ ಕುದಿದು ಆರಿದರೆ ಹದವಾಗಿದೆ. ಬಿದ್ದ ಕೂಡಲೇ ಚಿಮ್ಮಿ ಹೋದರೆ ವಿಪರೀತ ಕಾದಿದೆ. ಥರ್ಮಾಮೀಟರ್ ಗನ್ ಇದ್ದರೆ 100ರಿಂದ 120 ಡಿಗ್ರಿ ಸೆಲ್ಸಿಯಸ್ ನಡುವೆ ಇರುವಂತೆ ನೋಡಿಕೊಳ್ಳಿ.

ಆಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಉಳಿದ ಇಂಧನ ಉರಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ನೈಟ್ರೊ ಉರಿದ ಮೇಲೆ ಆಮ್ಲದ ಪಸೆ ಉಳಿಯುತ್ತದೆ. ಎರಡೂ ಸೇರಿ ಬೇರಿಂಗಿಗೆ ತುಕ್ಕು ಹಿಡಿಸುತ್ತವೆ. ಕರಾವಳಿಯ ಕೇಳುಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಪ್ಲಗ್ ತೆಗೆದು ಆಫ್ಟರ್ ರನ್ ಎಂಬ ತುಕ್ಕು ತಡೆಯುವ ಎಣ್ಣೆಯ ನಾಲ್ಕು ಹನಿ ಒಳಗೆ ಬಿಟ್ಟು, ಕಾರ್ಬ್ಯುರೇಟರ್ ಬಾಯಿಗೂ ನಾಲ್ಕು ಹನಿ ಹಾಕಿ, ಫ್ಲೈವೀಲ್ ತಿರುಗಿಸಿ ಹರಡಿ. ಎಂಜಿನ್ ಇನ್ನೂ ಬಿಸಿಯಿರುವಾಗಲೇ ಪಿಸ್ಟನ್ನನ್ನು ಕೆಳತುದಿಗೆ ತಂದು ನಿಲ್ಲಿಸಿ. ಮೇಲ್ತುದಿಯಲ್ಲಿ ಬಿಟ್ಟರೆ ಸ್ಲೀವ್ ತಣ್ಣಗಾಗುತ್ತಾ ಕುಗ್ಗಿ ಪಿಸ್ಟನ್ನನ್ನು ಹಿಡಿದುಬಿಡುತ್ತದೆ. ಫ್ಲೈವೀಲ್ ಮೇಲೆ ಪೆನ್ನಿನಿಂದ ಒಂದು ಗುರುತು ಮಾಡಿಟ್ಟುಕೊಂಡರೆ ಕೆಳತುದಿ ಯಾವುದೆಂದು ಪ್ರತಿಸಲ ಹುಡುಕಬೇಕಾಗಿಲ್ಲ.